ಕರಕಿ ಹಚ್ಚಿದ ವರ್ಷ

ಮಗಳ ಬಾಣಂತನ ಮಾಡಲೆಂದು ಹೋದ ನಾನು, ಮೊಮ್ಮಗಳು ಹುಟ್ಟಿದ ಒಂಬತ್ತನೇ ದಿನ ಕಾಲು ಮುರಿದುಕೊಂಡು ಮಗಳ ಪಕ್ಕದ ಮಂಚದಲ್ಲೇ ಮಲಗಿದೆ. ಕೂಸಿಗೆ ಎಣ್ಣೆ ಹಚ್ಚಿ ಎರೆದಿದ್ದೆ. ಅದನ್ನು ಬಟ್ಟೆಯಲ್ಲಿ ಸುತ್ತಿ ಮಗಳ ಮಡಿಲಿಗೆ ಕೊಟ್ಟು, ಬಚ್ಚಲು ತೊಳೆಯೋಣವೆಂದು ತಿರುಗಿ ಹೋದವಳು ಎಣ್ಣೆ ಬಿದ್ದ ಕಲ್ಲಿನ ಮೇಲೇ ಕಾಲಿಟ್ಟೆ. ಬಲಗಾಲು, ಮೊಣಕಾಲಿನ ಕೆಳಗೆ. ದವಾಖಾನೆಯಲ್ಲಿ ತೊಡೆಯ ತನಕ ಪ್ಲಾಸ್ಟರ್ ಹಾಕಿ ಕಳಿಸಿದರು. ಒಂದೇ ಕೋಣೆಯಲ್ಲಿ ಎರಡು ಮಂಚ. ಒಂದರ ಮೇಲೆ ಬಾಣಂತಿ, ಇನ್ನೊಂದರ ಮೇಲೆ ಬಾಣಂತನಕ್ಕೆ ಬಂದಾಕೆ. ಅಳಿಯಂದಿರು ಇಬ್ಬರಿಗೂ ಅಡುಗೆ ಮಾಡಿ ಹಾಕಿದರು. ಮಾತಾಡಿಸಲು ಬಂದ ಹೆಂಗಸರೆಲ್ಲ ಮೊದಲು ಬಾಯಿಗೆ ಸೆರಗು ಹಿಡಿದು ನಕ್ಕು, ಆಮೇಲೆ ಅಯ್ಯೋ ಪಾಪ ಅನ್ನುತ್ತಿದ್ದರು.

ಖರೆ ಹೇಳಬೇಕೆಂದರೆ ನನಗೆ ನೋವಿಗಿಂತ ಸಂತೋಷವೇ ಹೆಚ್ಚಾಗಿತ್ತು. ಮಗಳು ಬಚ್ಚಲಿಗೆ ಹೋದರೆ ಕೂಸನ್ನು ನನ್ನ ಪಕ್ಕಕ್ಕೆ ಹಾಕುತ್ತಿದ್ದಳು. ಅದರ ಅಂಗಾಲು ನನ್ನ ಹೆಬ್ಬೆರಳಿನಷ್ಟು. ಸೀನಿದರೆ ತಾನೇ ಬೆಚ್ಚಿ ನನ್ನ ಮುಖ ನೋಡುತ್ತಿತ್ತು, ಯಾರು ಸೀನಿದವರು ಎಂದು ಕೇಳಿದ ಹಾಗೆ. ಎದ್ದು ಓಡಾಡುವ ಅಜ್ಜಿಗೆ ಇಷ್ಟು ಹೊತ್ತು ಕೂಸಿನ ಮುಖ ನೋಡುವ ಪುಣ್ಯ ಎಲ್ಲಿಂದ ಬರಬೇಕು? ಒಂದೂವರೆ ತಿಂಗಳು ಅದೊಂದೇ ನನ್ನ ಕೆಲಸವಾಗಿತ್ತು.

ಪ್ಲಾಸ್ಟರ್ ಬಿಚ್ಚಿದ ದಿನ ಡಾಕ್ಟರರು ಒಂದು ಮಾತು ಹೇಳಿದರು. ಒಂದು ವರ್ಷ ಕುಕ್ಕರಗಾಲಿನಲ್ಲಿ ಕೂರುವ ಹಾಗಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ನಾನು ಹುನಗುಂದದ ಹತ್ತಿರ ಅಣ್ಣನ ಮನೆಯಲ್ಲಿದ್ದೆ. ಅಣ್ಣನ ಎರೆಹೊಲದಲ್ಲಿ ಕಳೆ ತೆಗೆಯುವುದೇ ನನ್ನ ದುಡಿಮೆ. ಕಳೆ ತೆಗೆಯುವವಳು ಕುಕ್ಕರಗಾಲಿನಲ್ಲಿ ಕೂರದಿದ್ದರೆ ಇನ್ನು ಹೇಗೆ ಕೂರಬೇಕು? ದುಡಿಯದೆ ಅಣ್ಣನ ಮನೆಯಲ್ಲಿ ರೊಟ್ಟಿ ತಿನ್ನಲು ಮನಸ್ಸಿಲ್ಲ. ಮಗಳ ಮನೆಯಲ್ಲಿ ತಿನ್ನಲು ಮೊದಲೇ ಇಲ್ಲ. ಇಲ್ಲೇ ಇರು ಎಂದು ಮಗಳೂ ಅಳಿಯಂದಿರೂ ಅಂದರು. ಇರುವ ಆಸೆ ನನಗೂ ಇತ್ತು. ಕೂಸು ಆಗ ನಗಲು ಕಲಿತಿತ್ತು, ಅದನ್ನು ಬಿಟ್ಟು ಹೇಗೆ ಹೋಗಲಿ? ಆದರೆ ಇದ್ದರೆ ದುಡಿದು ತಿನ್ನಬೇಕು, ಕುಂತು ತಿನ್ನುವುದು ನನ್ನಿಂದ ಆಗದು ಎಂದೆ.

ಅದು ಎಂಬತ್ತನೇ ಇಸವಿಯ ನಂತರದ ಮಾತು. ಹಳೇ ಬಾಗಲಕೋಟೆ ಆಣೆಕಟ್ಟಿನ ನೀರಿನಲ್ಲಿ ಮುಳುಗಿ ಹೋಗುತ್ತದೆಂದು ನವನಗರ ಕಟ್ಟುತ್ತಿದ್ದರು. ಅಳಿಯಂದಿರು ಅಲ್ಲಿಯ ಒಂದು ಆಫೀಸಿನಲ್ಲಿ ಸಿಪಾಯಿ. ನಮ್ಮ ಮನೆಯ ಎದುರಿಗೇ ಸಾಹೇಬರ ಬಂಗಲೆಗಳು, ಒಂದೇ ಸಾಲಿಗೆ ಆರು. ಗೋಡೆಗಳಿಗೆ ಹೊಸ ಬಣ್ಣ, ಅಂಗಳದಲ್ಲಿ ಮಾತ್ರ ಬರೀ ಕೆಂಪು ಗರಸುಮಣ್ಣು. ಮೊದಲ ಬಂಗಲೆಯ ಸಾಹೇಬರ ಹೆಂಡತಿ ಮೈಸೂರು ಕಡೆಯವರು. ನಾನು ಅವರನ್ನು ಅಕ್ಕಾರ ಎಂದು ಕರೆಯುತ್ತಿದ್ದೆ. ಅವರಿಗೆ ಅಂಗಳದಲ್ಲಿ ಲಾನ್ ಬೇಕು. ಎರಡು ಸಲ ಎಲ್ಲಿಂದಲೋ ಬೀಜ ತರಿಸಿ ಹಾಕಿದ್ದರು. ಒಂದು ಸಲ ಇರುವೆ ಹೊತ್ತುಕೊಂಡು ಹೋದವು, ಇನ್ನೊಂದು ಸಲ ಬಿಸಿಲು ಸುಟ್ಟಿತು.

ಅಳಿಯಂದಿರು ಇದನ್ನು ಊಟಕ್ಕೆ ಕುಳಿತಾಗ ಹೇಳಿದರು. ಕೋಲು ಊರಿಕೊಂಡು ಮರುದಿನ ನಾನೇ ಬಂಗಲೆಗೆ ಹೋದೆ. ನೆಲ ನೋಡಿ, ಇಲ್ಲಿ ಕರಕಿ ಹಚ್ಚಬೇಕು ಎಂದೆ. ಅಕ್ಕಾರಿಗೆ ತಿಳಿಯಲಿಲ್ಲ. ಗಣಪತಿಗೆ ಏರಿಸುತ್ತಾರಲ್ಲ, ಅದೇ ಎಂದು ಬಿಡಿಸಿ ಹೇಳಿದೆ.

"ಅಯ್ಯೋ, ಗರಿಕೆನಾ? ಅದು ಇಲ್ಲಿ ಬರುತ್ತಾ ಅಜ್ಜಿ?" ಎಂದರು.

"ಅದು ಬರೂದಿಲ್ಲ ಅಂತ ನಮ್ಮ ಕಡೆ ಯಾರರ ಹೇಳಿದ್ರ ಅವರ ಬಾಯಾಗ ಸಕ್ರಿ ಹಾಕ್ತಾರ್ರಿ ಅಕ್ಕಾರ," ಎಂದೆ.

ಹುನಗುಂದದ ಎರೆಮಣ್ಣಿನಲ್ಲಿ ಬೆಳೆದವರಿಗೆ ಈ ಮಾತಿನ ಅರ್ಥ ಗೊತ್ತು. ಅಲ್ಲಿ ಕರಕಿ ಎಂದರೆ ಹಗೆ. ಹೊಲದಲ್ಲಿ ಒಂದು ಮೂಲೆಗೆ ಬಂದರೆ ಮರುವರ್ಷ ಅರ್ಧ ಹೊಲ ಅದರದೇ. ಆಳು ಹಚ್ಚಿ, ಆಳುದ್ದ ಅಗೆದು, ಬೇರು ಆರಿಸಿ ಬದುವಿನ ಆಚೆ ಹಾಕಬೇಕು. ಹೊಲದಲ್ಲಿ ಕರಕಿ ಬಿಟ್ಟುಕೊಂಡವನಿಗೆ ಹೆಣ್ಣು ಕೊಡಲೂ ಹಿಂದೆ ಮುಂದೆ ನೋಡುತ್ತಾರೆ. ನನ್ನ ಅಣ್ಣ ಮೂವತ್ತು ವರ್ಷ ಕರಕಿಯ ಕೂಡ ಹೊಡೆದಾಡಿದವನು. ದಾರಿಯಲ್ಲಿ ಒಂದು ಎಳೆ ಕಂಡರೂ ಬಗ್ಗಿ ಕಿತ್ತೇ ಮುಂದೆ ಹೋಗುವ ಮನುಷ್ಯ. ಅಂಥವನ ತಂಗಿ ನಾನು ಕರಕಿ ನೆಡುವ ಕೆಲಸ ಹಿಡಿದೆ. ಅವನಿಗೆ ತಿಳಿದರೆ ಊರಿಗೆಲ್ಲ ಹೇಳಿ ನಗುತ್ತಾನೆಂದು ನಾಚಿಕೆಯಾಗಿ, ಬಂಗಲೆಯೊಂದರ ಅಂಗಳದ ಕೆಲಸ ಸಿಕ್ಕಿದೆ ಎಂದಷ್ಟೇ ಹೇಳಿ ಕಳಿಸಿದೆ. ತಪ್ಪು ಮಾಡಿದ್ದು ಅಲ್ಲೇ.

ಅಳಿಯಂದಿರು ಹೊಳೆಯ ದಂಡೆಯಿಂದ ಸೈಕಲ್ ಮೇಲೆ ಮೂರು ಚೀಲ ಕರಕಿ ತಂದರು. ನಾನು ಅದನ್ನು ಬೆರಳುದ್ದ ಕತ್ತರಿಸಿ, ಸೆಗಣಿ ಮತ್ತು ಕೆಸರಿನಲ್ಲಿ ಕಲಸಿ, ಅಗೆದು ಹದ ಮಾಡಿದ ನೆಲಕ್ಕೆ ಬಳಿದೆ. ಇದನ್ನು ನನಗೆ ಯಾರೂ ಕಲಿಸಲಿಲ್ಲ. ಹುಟ್ಟಿದಾಗಿನಿಂದ ನೆಲ ಸಾರಿಸಿದವಳಿಗೆ ಕಲಿಸುವುದೇನಿದೆ? ಕುಕ್ಕರಗಾಲು ಬೇಡ ಅಂದಿದ್ದರು, ಕುಂಡಿ ಊರಬೇಡ ಅಂದಿರಲಿಲ್ಲ. ಮುರಿದ ಕಾಲನ್ನು ಮುಂದೆ ನೀಡಿ, ಒಂದು ಗೋಣಿಚೀಲದ ಮೇಲೆ ಕುಳಿತು, ಚೀಲದ ಸಮೇತ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಸಾರಿಸಿದೆ. ನಾಲ್ಕು ದಿನ ಹಿಡಿಯಿತು. ಅಕ್ಕಾರು ದಿನಾ ಮೂಗಿಗೆ ಸೆರಗು ಹಿಡಿದು ನೋಡಿ ಹೋಗುತ್ತಿದ್ದರು. ಹತ್ತನೇ ದಿನ ಹಸಿರು ಚಿಗುರು ಬಂದಾಗ ಸೆರಗು ಬಿಟ್ಟರು.

ಎರಡು ತಿಂಗಳಿಗೆ ಹುಲ್ಲು ನೆಲ ಮುಚ್ಚಿತು. ಅಕ್ಕಾರ ಬಂಗಲೆಯ ಹಿಂದಿನ ಕೋಣೆಯಲ್ಲಿ ಹುಲ್ಲು ಕತ್ತರಿಸುವ ಒಂದು ಗಾಡಿ ತುಕ್ಕು ಹಿಡಿದು ಬಿದ್ದಿತ್ತು. ಎರಡು ಗಾಲಿ, ನಡುವೆ ಗರಗರ ಸುತ್ತುವ ಅಲಗು, ತಳ್ಳಲು ಉದ್ದ ಹಿಡಿಕೆ. ಹಳೇ ಊರಿನಲ್ಲಿ ಸಾಣೆ ಹಿಡಿಯುವ ಚಾಚಾ ಅದನ್ನು ಒಂದು ದಿನ ಇಟ್ಟುಕೊಂಡು ಹೊಸದರಂತೆ ಮಾಡಿಕೊಟ್ಟರು. ಆ ಗಾಡಿ ನನಗೆ ಡಾಕ್ಟರರಿಗಿಂತ ಹೆಚ್ಚಿನ ಉಪಕಾರ ಮಾಡಿತು. ಕೋಲು ಹಿಡಿದರೆ ಒಂದು ಕಡೆ ವಾಲುತ್ತಿದ್ದವಳು, ಎರಡೂ ಕೈಯಿಂದ ಗಾಡಿಯ ಹಿಡಿಕೆ ಹಿಡಿದರೆ ನೆಟ್ಟಗೆ ನಡೆಯುತ್ತಿದ್ದೆ. ನಿಂತು ಮಾಡುವ ಕೆಲಸ, ಮೊಣಕಾಲು ಮಡಚುವ ಗರಜೇ ಇಲ್ಲ. ಒಂದು ಸಾಲು ಹೋಗುವುದು, ನಿಂತು ಉಸಿರು ಬಿಡುವುದು, ತಿರುಗುವುದು. ಮೊದಲ ವಾರ ಎರಡು ಸಾಲು, ಮುಂದಿನ ವಾರ ಐದು. ಇತ್ತ ನಾನು ಸಾಲು ಎಣಿಸುತ್ತಿದ್ದರೆ ಅತ್ತ ಕೂಸು ಮಗ್ಗಲು ಹೊರಳಿತು, ಬೋರಲು ಬಿದ್ದಿತು, ಹೊಟ್ಟೆ ಎಳೆಯಿತು. ನಿಮ್ಮಿಬ್ಬರದೂ ಪೈಪೋಟಿ ನಡೆದಿದೆ ಎಂದು ಮಗಳು ನಗುತ್ತಿದ್ದಳು. ಖರೆನೇ, ನಾನು ಒಮ್ಮೆಯೂ ಗೆಲ್ಲಲಿಲ್ಲ.

ಅಷ್ಟರಲ್ಲಿ ಅಕ್ಕಾರ ಬಸುರಿ ಮಗಳಿಗೆ ಏಳು ತಿಂಗಳಾಯಿತು. ನಾವು ಕುಬಸ ಎನ್ನುವುದನ್ನು ಅವರು ಸೀಮಂತ ಎನ್ನುತ್ತಿದ್ದರು. ಅದನ್ನು ಅಂಗಳದ ಹುಲ್ಲಿನ ಮೇಲೇ ಮಾಡುವುದೆಂದು ಗೊತ್ತಾಯಿತು. ಉಳಿದ ಐದು ಬಂಗಲೆಯವರೂ ಬರುತ್ತಾರೆ, ನಿಮ್ಮ ಕೆಲಸ ಅವರ ಕಣ್ಣಿಗೆ ಬಿದ್ದರೆ ಆರೂ ಮನೆಯ ಲಾನ್ ನಿಮಗೇ ಕೊಡಿಸುತ್ತೇನೆ ಎಂದರು ಅಕ್ಕಾರು. ಒಂದು ಮನೆಯ ಕೆಲಸದಿಂದ ನನ್ನ ಹೊಟ್ಟೆ ತುಂಬುತ್ತಿರಲಿಲ್ಲ. ಆರು ಮನೆಯಾದರೆ ನಾನು ನವನಗರದಲ್ಲೇ ಉಳಿಯಬಹುದು, ಕೂಸಿನ ಹತ್ತಿರ. ಇಲ್ಲವೆಂದರೆ ಗಂಟು ಕಟ್ಟಿಕೊಂಡು ಹುನಗುಂದದ ಬಸ್ಸು ಹತ್ತಬೇಕು.

ಸೀಮಂತಕ್ಕೆ ಇನ್ನೂ ಇಪ್ಪತ್ತೆರಡು ದಿನ ಇತ್ತು. ಆ ದಿನ ಮುಂಜಾನೆ ನಾನು ಕಾಲು ತೋರಿಸಲು ದವಾಖಾನೆಗೆ ಹೋಗಿದ್ದೆ. ಅಕ್ಕಾರ ಮನೆಯವರೆಲ್ಲ ಬೀಗರನ್ನು ಕರೆದುಕೊಂಡು ಬಾದಾಮಿ, ಮಹಾಕೂಟ ನೋಡಲು ಹೋಗಿದ್ದರು. ಅದೇ ದಿನ ನನ್ನನ್ನು ಮಾತಾಡಿಸಲು ಅಣ್ಣ ಮತ್ತು ಅತ್ತಿಗೆ ಬಂದರು, ಒಂದು ಬುಟ್ಟಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹೊತ್ತುಕೊಂಡು. ಅವ್ವ ಕೆಲಸ ಮಾಡುವ ಬಂಗಲೆ ಅದೇ ನೋಡು ಎಂದು ಮಗಳು ಕೈ ಮಾಡಿ ತೋರಿಸಿ, ಕೂಸಿಗೆ ಎರೆಯಲು ಒಳಗೆ ಹೋದಳು. ತಂಗಿ ಕೆಲಸ ಮಾಡುವ ಜಾಗ ನೋಡಿ ಬರೋಣವೆಂದು ಇವರಿಬ್ಬರೂ ಗೇಟು ತೆರೆದು ಒಳಗೆ ಹೋದರು. ನೋಡಿದರೆ ಅಂಗಳದ ತುಂಬ ಕರಕಿ.

ಮುರಿದ ಕಾಲಿನ ತಂಗಿ ಇಷ್ಟೊಂದು ಕರಕಿ ಹೇಗೆ ಕೀಳಬೇಕು ಎಂದು ಅಣ್ಣನ ಕರುಳು ಚುರುಕ್ಕೆಂದಿತಂತೆ. ಇಬ್ಬರೂ ಅಲ್ಲೇ ಇದ್ದ ಸಲಿಕೆ, ಕುರ್ಪಿ ತೆಗೆದುಕೊಂಡು ಬಗ್ಗಿದವರು ಮಧ್ಯಾಹ್ನ ನಾನು ಬರುವ ತನಕ ತಲೆ ಎತ್ತಲಿಲ್ಲ. ಬಂದು ನೋಡುತ್ತೇನೆ, ಅಂಗಳ ಬಿತ್ತಲು ಹದ ಮಾಡಿದ ಹೊಲದ ಹಾಗಿದೆ. ಬೇವಿನ ಗಿಡದ ನೆರಳಿಗೆ ಎದೆಯೆತ್ತರ ಕರಕಿಯ ಗುಡ್ಡೆ. ಅಣ್ಣ ರುಮಾಲಿನಿಂದ ಬೆವರು ಒರೆಸಿಕೊಳ್ಳುತ್ತ ನಿಂತಿದ್ದಾನೆ. ನಾನು ಗಲ್ಲಕ್ಕೆ ಕೈ ಹಚ್ಚಿಕೊಂಡು ನಿಂತೆ. ಅವನು ಅದನ್ನು ಸಂತೋಷವೆಂದು ತಿಳಿದ.

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕಾರ ಜೀಪು ಬಂದು ನಿಂತಿತು. ಇಳಿದವರು ಅಂಗಳ ನೋಡಿ, "ಅಜ್ಜಿ, ಲಾನ್ ಎಲ್ಲಿ ಹೋಯಿತು?" ಎಂದರು.

ನನಗಿಂತ ಮೊದಲು ಅಣ್ಣನೇ ಹೇಳಿದ. "ಒಂದ್ ಬೇರ್ ಸೈತ ಬಿಟ್ಟಿಲ್ರಿ ಅಕ್ಕಾರ. ಇನ್ನ ಜ್ವಾಳ ಬಿತ್ತಿದ್ರೂ ನಡೀತೈತಿ."

ಅಕ್ಕಾರು ನನ್ನನ್ನು ನೋಡಿದರು, ಬೀಗರು ಅಕ್ಕಾರನ್ನು ನೋಡಿದರು. ಇನ್ನು ಮುಚ್ಚಿಟ್ಟು ಉಪಯೋಗವಿಲ್ಲವೆಂದು ನಾನು ಎಲ್ಲ ಬಿಡಿಸಿ ಹೇಳಿದೆ. ಕರಕಿ ಹಚ್ಚಿದವಳೇ ನಾನು, ನಾಚಿಕೆಗೆ ಅಣ್ಣನಿಗೆ ಹೇಳಿರಲಿಲ್ಲ, ತಪ್ಪು ನನ್ನದು ಎಂದೆ. ಅಣ್ಣ ಸಲಿಕೆಯನ್ನು ಗೋಡೆಗೆ ಆನಿಸಿ ಇಟ್ಟು, ಆ ಸಲಿಕೆಯನ್ನೇ ನೋಡುತ್ತ ನಿಂತ. ಅತ್ತಿಗೆ ಮಾತ್ರ ಮೆಲ್ಲಗೆ, "ಬೆಳದ ಬೆಳಿ ಕಿತ್ತ ಒಗದಂಗಾತಲ್ಲ," ಅಂದಳು. ಸಿಟ್ಟು ಮಾಡಲೂ ಬಾರದೆ, ನಗಲೂ ಬಾರದೆ ಅಕ್ಕಾರು ಒಳಗೆ ಹೊರಟರು. ಬಾಗಿಲಲ್ಲಿ ನಿಂತು, ಸೀಮಂತವನ್ನು ಒಳಗೇ ಮಾಡೋಣ ಬಿಡಿ ಎಂದರು. ಆ "ಬಿಡಿ" ಎಂಬ ಮಾತು ಕೇಳಿ ನನ್ನ ಕಣ್ಣ ಮುಂದೆ ಹುನಗುಂದದ ಬಸ್ಸೇ ಬಂದು ನಿಂತಿತು.

ಮನೆಗೆ ಬಂದು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತೆ. ಅಣ್ಣ ರೊಟ್ಟಿ ಮುಟ್ಟಲಿಲ್ಲ. ಕುಬಸಕ್ಕ ಇನ್ನ ಎಷ್ಟ ದಿನ ಐತಿ ಎಂದು ಕೇಳಿದ. ಇಪ್ಪತ್ತೆರಡು ಎಂದೆ.

"ಮೂವತ್ತ ವರ್ಷ ಆತು ತಂಗಿ, ಅದನ್ನ ಕೊಲ್ಲಾಕ ಹತ್ತೇನಿ. ಒಮ್ಮ್ಯಾರ ಸತ್ತೈತೇನು?" ಎಂದ. "ಜಾಲಿ ಗಿಡಕ್ಕ ಹನ್ನೆರಡ ವರ್ಷ ನೇತ ಹಾಕಿದ್ರೂ ಹಸಿ ನೆಲ ಮುಟ್ಟಿದ್ರ ಚಿಗೀತೈತಿ. ಏಳು, ಕುಡಗೋಲ ತಾ."

ಗುಡ್ಡೆ ಇನ್ನೂ ನೆರಳಲ್ಲಿ ಹಸಿಯಾಗಿಯೇ ಇತ್ತು. ಒಣಗಿದ ಮೇಲೆ ಬೆಂಕಿ ಹಚ್ಚಬೇಕೆಂದು ಅಣ್ಣ ಹಾಗೆ ಬಿಟ್ಟಿದ್ದನಂತೆ, ನಮ್ಮ ದೈವ. ಅಕ್ಕಾರಿಗೆ ಕೈ ಮುಗಿದು ಇನ್ನೊಂದು ಸಲ ನೋಡುತ್ತೇವೆ ಎಂದೆ. ನಿಮ್ಮ ಇಷ್ಟ ಎಂದರು. ಅಣ್ಣ ಕತ್ತರಿಸಿದ, ಅತ್ತಿಗೆ ಸೆಗಣಿ ಕಲಸಿದಳು, ನಾನು ಗೋಣಿಚೀಲದ ಮೇಲೆ ಕುಳಿತು ಸಾರಿಸಿದೆ. ಮೊದಲ ಸಲ ನಾಲ್ಕು ದಿನ ಹಿಡಿದ ಕೆಲಸ ಈ ಸಲ ಒಂದೂವರೆ ದಿನಕ್ಕೆ ಮುಗಿಯಿತು. ಹಿಂದಿನ ಸಲದಕ್ಕಿಂತ ದಟ್ಟವಾಗಿಯೂ ಬಳಿದೆವು, ಮೂರು ಚೀಲದ ಕರಕಿ ಈಗ ಹತ್ತು ಚೀಲವಾಗಿತ್ತಲ್ಲ.

ಅತ್ತಿಗೆ ಊರಿಗೆ ಹೋದಳು, ಅಣ್ಣ ಹೋಗಲಿಲ್ಲ. ದಿನಕ್ಕೆ ಮೂರು ಸಲ ನೀರು ಚಿಮುಕಿಸುವುದು, ಕೋಳಿ ಓಡಿಸುವುದು, ಬಿಸಿಲೇರಿದರೆ ಒದ್ದೆ ಗೋಣಿಚೀಲ ಹಾಸುವುದು. ಮುಂಜಾನೆ ನಾನು ಹೋಗುವಷ್ಟರಲ್ಲಿ ಅವನು ಮೊಣಕಾಲೂರಿ ನೆಲಕ್ಕೆ ಮುಖ ಹಚ್ಚಿ ನೋಡುತ್ತಿರುತ್ತಿದ್ದ. ಆರನೇ ದಿನ ಬಾಗಿಲಿಗೆ ಬಂದು ನನ್ನನ್ನು ಕರೆದ. ಅವನ ಮುಖ, ಬರೀ ಗಂಡು ಕರು ಹಾಕುತ್ತಿದ್ದ ಎಮ್ಮೆ ಹೆಣ್ಣು ಕರು ಹಾಕಿದರೆ ಅದರ ಯಜಮಾನನ ಮುಖ ಹೇಗಿರುತ್ತದೋ ಹಾಗಿತ್ತು. ಹೋಗಿ ನೋಡಿದರೆ ಸೂಜಿಮೊನೆಯಷ್ಟು ಹಸಿರು, ಅಂಗಳದ ಈ ತುದಿಯಿಂದ ಆ ತುದಿಗೆ. ಕರಕಿ ಚಿಗುರಿದ್ದು ಕಂಡು ನನ್ನ ಅಣ್ಣ ನಕ್ಕದ್ದು ಅವನ ಜೀವನದಲ್ಲಿ ಅದೊಂದೇ ಸಲ.

ಇಪ್ಪತ್ತನೇ ದಿನ ಗಾಡಿ ತಳ್ಳಿದೆ. ಅಕ್ಕಾರು ಹೊರಗೆ ಬಂದು, ಚಪ್ಪಲಿ ಕಳಚಿ ನಾಲ್ಕು ಹೆಜ್ಜೆ ಹಾಕಿದರು. ಜಮಖಾನೆ ಹೊರಗೇ ಹಾಸಿ ಎಂದರು.

ಸೀಮಂತದ ದಿನ ಬಸುರಿ ಹೆಣ್ಣುಮಗಳಿಗೆ ಇಳಕಲ್ ಸೀರೆ ಉಡಿಸಿ, ಗುಳೇದಗುಡ್ಡದ ಖಣ ಉಡಿಯಲ್ಲಿ ಹಾಕಿ ಹುಲ್ಲಿನ ನಡುವೆ ಕೂರಿಸಿದ್ದರು. ಐದೂ ಬಂಗಲೆಯ ಹೆಂಗಸರು ಬಗ್ಗಿ ಹುಲ್ಲು ಮುಟ್ಟಿ ನೋಡಿ, ಯಾರು ಮಾಡಿದ್ದು ಎಂದು ಕೇಳಿದರು. ಅಕ್ಕಾರು ನನ್ನ ಕಡೆ ಕೈ ಮಾಡಿದರು. ಆಸರೆಗೆ ಹಿಡಿದಿದ್ದ ಗಾಡಿಯ ಹಿಡಿಕೆ ಬಿಟ್ಟು, ಕೋಲೂ ಇಲ್ಲದೆ ನಡೆದು ಹೋಗಿ ಅವರೆದುರು ನಿಂತೆ. ನಾಳೆಯಿಂದ ನಮ್ಮಲ್ಲಿಗೂ ಬರ್ರಿ ಎಂದು ಮೊದಲು ಒಬ್ಬರು ಅಂದರು, ಆಮೇಲೆ ಉಳಿದವರೂ ಅಂದರು.

ಮಗಳು ಕೂಸನ್ನು ಕರೆತಂದು ಹುಲ್ಲಿನ ಅಂಚಿಗೆ ಕೂರಿಸಿದಳು. ಕೂರಲು ಕಲಿತು ಆಗಿನ್ನೂ ವಾರವಾಗಿತ್ತು. ಅದು ಎರಡೂ ಅಂಗೈಯಿಂದ ಹುಲ್ಲು ತಡವಿತು. ಚುಚ್ಚಿತೇನೋ, ತುಟಿ ಉಬ್ಬಿಸಿತು. ಅತ್ತೇಬಿಡುತ್ತದೆ ಅನ್ನುವಷ್ಟರಲ್ಲಿ ಮುಷ್ಟಿ ಬಿಗಿ ಹಿಡಿದು, ಹಿಂದಕ್ಕೆ ವಾಲಿ, ಒಂದು ಹಿಡಿ ಕರಕಿಯನ್ನು ಬೇರು ಸಮೇತ ಕಿತ್ತು ಮೇಲೆತ್ತಿತು.

ಗೋಡೆಯ ಬದಿಗೆ ನಿಂತಿದ್ದ ಅಣ್ಣ ಇಡೀ ಅಂಗಳಕ್ಕೆ ಕೇಳುವ ಹಾಗೆ ಹೇಳಿದ. "ನೋಡ್ರೀ ಅಕ್ಕಾರ, ಈ ಸಲ ನಾ ಅಲ್ರಿ."