ಸದ್ದಿಲ್ಲದ ಬ್ಯಾನಿ

ಅವಳು ಕೂಗಲಿಲ್ಲ. ನಿಜಾಮರ ಆಳಿಕೆ ಮುಗಿದ ಮರುವರ್ಷ ನಾನು ಕುಂದಾಪುರದಿಂದ ಲಿಂಗಸುಗೂರಿಗೆ ಹೆರಿಗೆ ನರ್ಸಾಗಿ ಬಂದಾಗ, ಮೊದಲ ವಾರವೇ ನನ್ನನ್ನು ದಿಕ್ಕೆಡಿಸಿದ್ದು ಅದು. ಮಸ್ಕಿ ಕಡೆಯ ಬಸಮ್ಮ, ಚೊಚ್ಚಲ ಬಸುರಿ, ಆಸ್ಪತ್ರೆಯ ಗೋಡೆಗೆ ಒರಗಿ ಕುಳಿತಿದ್ದಳು.

"ಬ್ಯಾನಿ ಹತ್ತ್ಯಾವ್ರಿ," ಎಂದಳು ಅವಳ ಅತ್ತೆ. ಬ್ಯಾನಿಯೆಂದರೆ ಇಲ್ಲಿ ಹೆರಿಗೆ ನೋವು. ಬಸಮ್ಮನ ತುಟಿ ಬಿಗಿದಿತ್ತು, ಅಷ್ಟೆ.

ನಮ್ಮೂರಲ್ಲಿ ಹೆರುವವಳ ಕೂಗು ನಾಲ್ಕು ಮನೆಗೆ ಕೇಳುತ್ತದೆ. ಆ ಕೂಗು ಕೇಳಿಯೇ ನಾವು ಹೊತ್ತು ಅಳೆಯುತ್ತಿದ್ದೆವು. ಬಸಮ್ಮನ ಹೊಟ್ಟೆ ಮುಟ್ಟಿದೆ, ಆದರೆ ನಂಬಿದ್ದು ಕಿವಿಯನ್ನೇ. "ಇನ್ನೂ ಸಮಯವಿದೆ, ನಾಳೆ ಬನ್ನಿ," ಎಂದು ಕಳಿಸಿಬಿಟ್ಟೆ. ಅರ್ಧ ದಾರಿಯಲ್ಲಿ, ಎತ್ತಿನ ಗಾಡಿಯಲ್ಲೇ ಹೆರಿಗೆಯಾಯಿತು. ಕೂಸು ಉಳಿಯಲಿಲ್ಲ.

ಯಾರೂ ನನ್ನನ್ನು ಬೈಯಲಿಲ್ಲ. ಆಯಾ ಹುಸೇನಬಿ ಮಾತ್ರ ಮೂರನೆಯ ದಿನ ಹತ್ತಿರ ಬಂದು ಕುಳಿತಳು.

"ಅಕ್ಕಾರ, ಇಲ್ಲಿ ಹೆಣಮಕ್ಕಳು ಬಾಯಿ ಮಾಡೂದಿಲ್ರಿ. ಹೊರಗ ಮಾವ ಕುಂತಿರತಾನ. ಮುಖ ನೋಡಬ್ಯಾಡ್ರಿ, ಕಾಲಬೆರಳು ನೋಡ್ರಿ."

"ಹಾಗಾದರೆ ಇವರಿಗೆ ನೋವು ಕಡಿಮೆಯೇ?"

"ಅದ್ಹೆಂಗ ಗೊತ್ತಾಗಬೇಕ್ರಿ? ನಮಗ ಗೊತ್ತಿರೂದು ಇದೊಂದ ನಮೂನಿ."

ಸವಳು ನೀರು, ಕಣ್ಣೀರು ಬರಿಸುವ ಖಾರ, ಕಲ್ಲುಗೋಡೆ ರಾತ್ರಿಯೂ ಉಗುಳುವ ಸೆಕೆ, ಎಲ್ಲಕ್ಕೂ ಒಗ್ಗಿಕೊಂಡೆ. ಮುದುರುವ ಬೆರಳನ್ನೂ ಉಬ್ಬುವ ಕತ್ತಿನ ನರವನ್ನೂ ಓದಲು ಕಲಿತೆ. ದಿನವಿಡೀ ಹಾಗೆ ಕಣ್ಣಿನಿಂದಲೇ ಕೇಳಿಸಿಕೊಂಡು, ಸಂಜೆ ಬಾಡಿಗೆ ಕೋಣೆಗೆ ಬಂದರೆ ಒಲೆ ಹಚ್ಚಲೂ ತ್ರಾಣವಿರುತ್ತಿರಲಿಲ್ಲ.

ಎರಡು ವರ್ಷದ ನಂತರ ತಂಗಿಯ ಹೆರಿಗೆಗೆ ಊರಿಗೆ ಹೋದೆ. ಅವಳು ಕೂಗತೊಡಗಿದಾಗ "ಮೆಲ್ಲಗೆ, ಮೆಲ್ಲಗೆ" ಎಂದು ನಾನೇ ಗದರಿಬಿಟ್ಟೆ. ಅಮ್ಮ ನನ್ನನ್ನು ಅಪರಿಚಿತಳಂತೆ ನೋಡಿ, "ಅವ್ಳ್ ಕೂಗ್ಲಿ ಬಿಡ್. ನೀ ಹೊರ್ಗ್ ಹೋಯಿ ಕೂಕೊ," ಎಂದಳು. ಹೋಗಿ ಕುಳಿತೆ.

ಆ ವರ್ಷದ ಕೊನೆಗೆ ಬಸಮ್ಮ ಮತ್ತೆ ಬಸುರಿಯಾಗಿ ನನ್ನ ಬಳಿಗೇ ಬಂದಳು. ಈ ಸಲ ಅವಳ ಪಕ್ಕದಿಂದ ಕದಲಲಿಲ್ಲ. ನೋವಿನ ನಡುವೆ ಪಿಸುಗುಟ್ಟಿದಳು: "ಅಕ್ಕಾರ, ನಿಮ್ಮೂರಾಗ ಕೂಗ್ತಾರಂತಲ್ರಿ. ಹಗುರಾಗತೈತೇನ್ರಿ?"

ನಾನು ಹೆತ್ತವಳಲ್ಲ. ಬಾಗಿಲು ಮುಚ್ಚಿ, "ಕೂಗಿ ನೋಡು," ಎಂದೆ. ಅವಳು ಬಾಯಿ ತೆರೆದಳು. ಉಸಿರು ಬಂತು, ದನಿ ಬರಲಿಲ್ಲ.

"ಬರವಲ್ದ್ರಿ," ಎಂದು ಕಣ್ಣೀರಿನಲ್ಲೇ ನಕ್ಕಳು. ಸ್ವಲ್ಪ ಹೊತ್ತಿಗೆ ಹೆಣ್ಣು ಹುಟ್ಟಿತು. ಉಳಿಯಿತು.

ಹೋದ ತಿಂಗಳು ಕಟ್ಟಿಗೆ ಎತ್ತುವಾಗ ನನ್ನ ಕೈಗೆ ಚೇಳು ಕುಟುಕಿತು. ಎದುರಿನ ಕಟ್ಟೆಯ ಮೇಲೆ ಗಂಡಸರಿದ್ದರು. ಸೆರಗು ಕಚ್ಚಿಕೊಂಡು ಕುಸಿದೆ. ಹುಸೇನಬಿ ಓಡಿಬಂದು ಮದ್ದು ಹಚ್ಚಿ, ತಲೆ ಸವರಿದಳು.

"ಅಳ್ರಿ ಅಕ್ಕಾರ. ನಿಮಗ ನಡೀತೈತಿ."

ಇಷ್ಟು ಕಾಲ ಜೊತೆಗಿದ್ದೂ ಅವಳು 'ನಿಮಗ' ಎಂದದ್ದು ಕೇಳಿದ ಮೇಲೆ ನನಗೆ ಅಳು ಬರಲಿಲ್ಲ.