ಠಾಣೆ ಸ್ಟೇಷನ್ನಿನಲ್ಲಿ ನೀಮಾ ಕೇಳಿದ ಮಾತು

ಹುಬ್ಬಳ್ಳಿಯಿಂದ ಬಂದಿಳಿದವಳು ಮುಂಬೈ ಹತ್ತಿರದ ಠಾಣೆಯಲ್ಲಿ ಲೋಕಲ್ ರೈಲು ಹತ್ತಿ, ಇದು ಅವಳಿರುವ ಘಣಸೋಲಿಗೆ ಹೋಗುತ್ತದೋ ಇಲ್ಲವೋ ಎಂದು ಫೋನಿನಲ್ಲಿ ತಂಗಿಯನ್ನು ಕನ್ನಡದಲ್ಲಿ ಕೇಳುತ್ತಿದ್ದೆ. ಎದುರು ಕೂತಿದ್ದ ಆಫ್ರಿಕಾದ ಹುಡುಗಿ ಹೇಳಿದಳು, “ಹೋಗ್ತದ್ರಿ ಅಕ್ಕಾರ, ಕೂಡ್ರಿ.”

ನಾನು ತಬ್ಬಿಬ್ಬಾದೆ. ಹೆಸರು ನೀಮಾ, ದೇಶ ಟಾಂಜಾನಿಯಾ. ಧಾರವಾಡದಲ್ಲಿ ಡಿಗ್ರಿ ಓದಿ, ಈಗ ನವಿ ಮುಂಬೈಯಲ್ಲಿ ಎಂಎಸ್ಸಿ ಮಾಡುತ್ತಿದ್ದಾಳೆ. ಇಲ್ಲಿ ಕ್ಲಾಸಿನಲ್ಲೆಲ್ಲ ಹಿಂದಿ, ಮರಾಠಿ. ಅವಳ ಕನ್ನಡ ಕೇಳುವವರಿಲ್ಲ.

ಗಾಡಿ ಇನ್ನೂ ಬಿಟ್ಟಿರಲಿಲ್ಲ. ಅವಳು ಕೈಯಲ್ಲಿ ಫೋನ್ ತಿರುಗಿಸುತ್ತ ಕೇಳಿದಳು:

“ಧಾರವಾಡದಾಗ ನಮ್ಮ ಮನಿ ಮಾಲಕರು, ಅಜ್ಜಾರು, ನಿನ್ನೆ ತೀರಿಕೊಂಡ್ರಂತ. ಅಜ್ಜಿಗೆ ಫೋನ್ ಮಾಡಬೇಕ್ರಿ. ಇಂಥಾ ಹೊತ್ತಿನಾಗ ಕನ್ನಡದಾಗ ಏನಂತಾರ?”

ಪೇಪರಿನಲ್ಲಿ ಅಚ್ಚಾಗುವ ‘ಆತ್ಮಕ್ಕೆ ಶಾಂತಿ’ ಬಿಟ್ಟರೆ ನನಗೆ ಒಂದು ಮಾತೂ ಹೊಳೆಯಲಿಲ್ಲ.

“ಏನೂ ಅನ್ನೂದಿಲ್ಲವ್ವಾ. ಹೋಗಿ ಬಾಜೂಕ ಕೂಡತೀವಿ,” ಅಂದೆ.

“ಫೋನಿನಾಗ ಹ್ಯಾಂಗ ಕೂಡೂದ್ರಿ?”

ಹುಟ್ಟಿದಾಗಿನಿಂದ ಆಡಿದ ಭಾಷೆ. ಇವಳು ಕೇಳಿದ ಒಂದು ವಾಕ್ಯ ಅದರಲ್ಲಿದೆಯೋ ಇಲ್ಲವೋ ನನಗೇ ಗೊತ್ತಿಲ್ಲ.

ಗಾಡಿ ಹೊರಟಿತು. ಐರೋಲಿ ಸ್ಟೇಷನ್ ಬರುವ ಮುಂಚೆ ನೀಮಾ ತಾನೇ ನಂಬರ್ ಒತ್ತಿದಳು. ಆ ಕಡೆಯಿಂದ ಯಾರು ಎಂದು ಕೇಳಿದ್ದು ನನಗೂ ಕೇಳಿಸಿತು.

“ಅಜ್ಜೀ, ನಾ ನೀಮಾ. ಊಟ ಮಾಡಿದ್ರಿ?”

ಆ ಕಡೆ ಅಜ್ಜಿ ಜೋರಾಗಿ ಅಳತೊಡಗಿದರು. ನೀಮಾ ಗಾಬರಿಬಿದ್ದು, ತಪ್ಪು ಮಾತಾಡಿದೆನೇ ಎಂಬಂತೆ ನನ್ನತ್ತ ನೋಡಿದಳು. ಸರಿಯೋ ತಪ್ಪೋ ನನಗೂ ಖಾತ್ರಿಯಿರಲಿಲ್ಲ. ಆದರೂ ಫೋನ್ ಇಡಬೇಡ ಎಂದು ಕೈಸನ್ನೆ ಮಾಡಿದೆ.