ಕೊಂಡುಕುರಿಗೂ ಕೊಸರು

ದೊಡ್ಡಬಳ್ಳಾಪುರದ ಬಸ್ ನಿಲ್ದಾಣದೆದುರು ಇಪ್ಪತ್ತು ವರ್ಷ ಬಾಳೆಹಣ್ಣು ಮಾರಿದ ಅನೀಸ್ ಅಹಮದ್‌ಗೆ ಕೊಸರು ಹಾಕದೆ ಯಾರನ್ನೂ ಕಳಿಸಿ ಅಭ್ಯಾಸವಿರಲಿಲ್ಲ. ಡಜನ್ ಕೇಳಿದವರ ಚೀಲಕ್ಕೆ ಹದಿಮೂರನೆಯದೂ ಬೀಳುತ್ತಿತ್ತು. ಮಂಡಿನೋವು ಹೆಚ್ಚಿ ಗಾಡಿ ತಳ್ಳಲಾಗದೆ ಹೋದಾಗ, ತೂಬಗೆರೆ ಕಡೆಯ ವನ್ಯಪ್ರಾಣಿ ಸಂತಾನಾಭಿವೃದ್ಧಿ ಕೇಂದ್ರದ ಮೇವಿನ ಕೋಣೆಯಲ್ಲಿ ಕೆಲಸಕ್ಕೆ ಸೇರಿದ.

ಅಲ್ಲಿದ್ದವು ಕೊಂಡುಕುರಿಗಳು. ಜಿಂಕೆಗಿಂತ ಚಿಕ್ಕವು, ಎಲೆ ಅಲುಗಿದರೂ ಬೆಚ್ಚುವಂಥವು. ಮೊದಮೊದಲು ಅವನನ್ನು ಕಂಡರೆ ಪೊದೆಗೆ ನುಗ್ಗುತ್ತಿದ್ದವು. ಒಂದು ದಿನ ಬೇಲಿಯ ಬಳಿ ಬಾಳೆಹಣ್ಣಿನ ತುಂಡು ಇಟ್ಟ. ತಿಂಗಳೊಳಗೆ ಎರಡು ಹೆಣ್ಣುಗಳು ಅವನ ಅಂಗೈಯಿಂದಲೇ ತಿನ್ನತೊಡಗಿದವು. ಗಾಡಿ ಬಿಟ್ಟ ಮೇಲೆ ತನಗಾಗಿ ಯಾರೂ ಕಾಯುವುದಿಲ್ಲ ಎಂದುಕೊಂಡಿದ್ದವನಿಗೆ ಜೀವ ತಂಪಾಯಿತು.

ಎರಡು ವರ್ಷವಾದರೂ ಮರಿ ಹುಟ್ಟಲಿಲ್ಲ. ಕೇಂದ್ರದ ವೈದ್ಯೆ ಶಶಿರೇಖಾ ಗಂಡು ಕೊಂಡುಕುರಿಯನ್ನು ಬದಲಿಸಿ ನೋಡಿದರು. ಕೊನೆಗೆ ಹೆಣ್ಣುಗಳನ್ನು ತೂಗಿಸಿದರೆ ಎರಡೂ ಇರಬೇಕಾದ್ದಕ್ಕಿಂತ ನಾಲ್ಕೈದು ಕೆಜಿ ಹೆಚ್ಚು.

"ಚಾರ್ಟ್ ಪ್ರಕಾರ ಮೇವು ಹಾಕಿದ್ರೆ ಇಷ್ಟು ಕೊಬ್ಬು ಬರಲ್ಲ ಅನೀಸ್ ಭಾಯ್. ಕೊಬ್ಬು ಜಾಸ್ತಿಯಾದ್ರೆ ಬೆದೆಗೇ ಬರಲ್ಲ. ಇನ್ನು ಗರ್ಭ ಎಲ್ಲಿ ನಿಲ್ಲುತ್ತೆ?"

ಅನೀಸ್ ಕೈಲಿದ್ದ ಚಾಕು ಕೆಳಗಿಟ್ಟ. "ನಾನೇ ಕೊಡ್ತಿದ್ದೆ ಮೇಡಂ. ದಿನಾ ನಾಲ್ಕೈದು ಬಾಳೆಹಣ್ಣು, ಒಂದೊಂದ್ಸಲ ಬೆಲ್ಲ. ಬಾಯ್ಬಿಟ್ಟು ಕೇಳಕ್ಕಾಗಲ್ವಲ್ಲ ಅವಕ್ಕೆ."

ಕೆಲಸ ಹೋಯಿತೆಂದೇ ಎಣಿಸಿದ್ದ. ಶಶಿರೇಖಾ ಸಿಟ್ಟು ನುಂಗಿಕೊಂಡರು. "ಈಗ್ಲಾದ್ರೂ ಹೇಳಿದ್ರಲ್ಲ. ನಾಳೆಯಿಂದ ಹಣ್ಣು ಬಂದ್. ಎಲಚಿ, ಅತ್ತಿ, ಜಾಲಿ ಸೊಪ್ಪು ತನ್ನಿ. ಒಂದೇ ಕಡೆ ಸುರೀಬೇಡಿ, ಅವು ಓಡಾಡಿ ಹುಡುಕ್ಬೇಕು."

ಮರುದಿನ ಹೆಣ್ಣುಗಳು ಬಂದು ಅವನ ಬರಿಗೈ ಮೂಸಿ ಅಲ್ಲೇ ನಿಂತವು. ಮನೆಗೆ ಬಂದವನಿಗೆ ಅನ್ನ ಸೇರಲಿಲ್ಲ.

"ಉಪವಾಸ ಕೆಡವಿದಂಗಾಗ್ತದೆ ಮುನ್ನಿ" ಎಂದ ಹೆಂಡತಿಗೆ.

"ನಿಮ್ಗೆ ಶುಗರ್ ಅಂತ ಟೀಗೆ ಸಕ್ಕರೆ ಹಾಕಲ್ಲ ನಾನು. ಪ್ರೀತಿ ಇಲ್ಲ ಅಂತಾನಾ?"

ಬೇಸಿಗೆ ಮುಗಿಯುವಷ್ಟರಲ್ಲಿ ಮೈ ಇಳಿಯಿತು. ಮುಂದಿನ ವರ್ಷ ಚಿಕ್ಕದು ಅವಳಿ ಮರಿ ಹಾಕಿತು. ಕೇಂದ್ರದವರೆಲ್ಲ ಅನೀಸ್‌ನ ಬೆನ್ನು ತಟ್ಟಿದರು. ಅವನು ನಗಲೂ ಆಗದೆ ತಲೆ ತಗ್ಗಿಸಿದ. ಹಿರಿಯದಕ್ಕೆ ಆ ಎರಡು ವರ್ಷದಲ್ಲಿ ವಯಸ್ಸು ಮೀರಿತ್ತು, ಗರ್ಭ ಕಟ್ಟಲೇ ಇಲ್ಲ. ಅದರ ಆವರಣಕ್ಕೆ ಸೊಪ್ಪನ್ನು ಅವನು ಇವತ್ತಿಗೂ ಬೇರೆಯವರ ಕೈಲಿ ಕಳಿಸುವುದಿಲ್ಲ. ಮಂಡಿ ಎಷ್ಟೇ ನೋಯಲಿ, ತಾನೇ ಹೊತ್ತುಕೊಂಡು ಹೋಗುತ್ತಾನೆ.